ಬಾರದ ಸಂಚಿಕೆ

ಅಹಮದಾಬಾದಿನವರ ಬಾಯಿಂದ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡದ ಮಾತು ಕನ್ನಡವೇ ಆಗಿರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹತ್ತೊಂಬತ್ತು ವರ್ಷ. ಮದುವೆಯಾಗಿ ತುಮಕೂರಿನಿಂದ ಅಲ್ಲಿಗೆ ಹೋಗಿ ಇಪ್ಪತ್ತು ದಿನವಾಗಿತ್ತು. ನಮ್ಮವರಿಗೆ ವಿಮಾ ಕಚೇರಿಯಲ್ಲಿ ಕೆಲಸ. ತಿಂಗಳಲ್ಲಿ ಅರ್ಧ ಪಾಲು ಬರೋಡಾ, ಸೂರತ್ ಎಂದು ಟೂರಿನಲ್ಲೇ ಇರುತ್ತಿದ್ದರು. ಹಳೇ ಊರಿನ ಒಂದು ಪೋಳಿನಲ್ಲಿ, ಅಂದರೆ ಒಂದೇ ಹೆಬ್ಬಾಗಿಲಿನೊಳಗೆ ಮನೆಗೆ ಮನೆ ಅಂಟಿಕೊಂಡ ಓಣಿಯಲ್ಲಿ, ಒಂದು ಮರದ ಮನೆಯ ಮಹಡಿ ನಮ್ಮದು. ಮಧ್ಯಾಹ್ನ ಒಬ್ಬಳೇ ಪಾತ್ರೆ ತೊಳೆಯುತ್ತಿದ್ದೆ. ಕೆಳಗಿನಿಂದ ಯಾರೋ ಗಟ್ಟಿಯಾಗಿ "ಬಾ! ಬಾ!" ಎಂದು ಕೂಗಿದರು.

"ಬಂದೆ, ಬಂದೆ" ಎಂದು ಕೂಗುತ್ತಾ ಒದ್ದೆ ಕೈಯಲ್ಲೇ ಮೆಟ್ಟಿಲಿಳಿದು ಓಡಿದೆ. ಈ ಊರಿನಲ್ಲಿ ನನ್ನನ್ನು ಕನ್ನಡದಲ್ಲಿ ಕರೆಯುವವರೂ ಇದ್ದಾರೆ! ಏಕವಚನದಲ್ಲಿ ಕರೆದರೆ ಕರೆಯಲಿ. ಕೆಳಗೆ ಹೋಗಿ ನೋಡಿದರೆ ನಾಲ್ಕು ಮಕ್ಕಳು ನಿಂತಿದ್ದವು. ನಡುಮನೆಯ ಉಯ್ಯಾಲೆಯ ಮೇಲೆ ಬಿಳಿ ಸೀರೆಯ ಮನೆಯೊಡತಿ ಕೂತಿದ್ದರು. ಮಕ್ಕಳು ಕರೆದದ್ದು ಅವರನ್ನು. ಗುಜರಾತಿಯಲ್ಲಿ 'ಬಾ' ಎಂದರೆ ಅಮ್ಮ. ಮಕ್ಕಳು, ಮೊಮ್ಮಕ್ಕಳು, ಹಾಲಿನವಳು, ಅಂಚೆಯವನು, ಎಲ್ಲರೂ ಮನೆಯ ಹಿರಿಯಳನ್ನು ಕರೆಯುವುದು ಹಾಗೆಯೇ. ನಾನೋ ಇಪ್ಪತ್ತು ದಿನದಿಂದ ಮಹಡಿಯ ಕಿಟಕಿಯಲ್ಲಿ ನಿಂತು, ಪಾಪ ಇಷ್ಟು ವಯಸ್ಸಾದವರನ್ನು ಹಾಲಿನವಳು ಕೂಡ 'ಬನ್ನಿ' ಅನ್ನದೆ 'ಬಾ' ಅನ್ನುತ್ತಾಳಲ್ಲ ಎಂದು ಮರುಗುತ್ತಿದ್ದೆ. ಆದರೆ ಆವತ್ತು ಆ ಕೂಗು ನನಗೇ ಬಂದಿತೆಂದು ಕಿವಿ ನಂಬಿಬಿಟ್ಟಿತ್ತು.

ಎಲ್ಲರೂ ನನ್ನನ್ನೇ ನೋಡಿದರು. ಬಾ ಉಯ್ಯಾಲೆಯಲ್ಲಿ ಸ್ವಲ್ಪ ಸರಿದು ಪಕ್ಕದ ಹಲಗೆಯನ್ನು ಅಂಗೈಯಿಂದ ತಟ್ಟಿದರು. ನಾನು ಕೂತೆ. ಕೂತವಳು ಅಳುವುದಕ್ಕೆ ಶುರುಮಾಡಿದೆ. ಯಾಕೆ ಎಂದು ಹೇಳುವಷ್ಟು ಗುಜರಾತಿ ನನಗೆ ಬರುತ್ತಿರಲಿಲ್ಲ. ಅದೂ ಒಳ್ಳೆಯದೇ ಆಯಿತು.

ಹೇಳಬೇಕಿದ್ದರೆ ಒಂದು ಟ್ರಂಕಿನ ಕಥೆ ಹೇಳಬೇಕಾಗಿತ್ತು. ನಾನು ಓದುವ ಹುಚ್ಚಿನವಳು. ತಿಂಡಿಪೊಟ್ಟಣದ ಕಾಗದವನ್ನೂ ಬಿಡಿಸಿ ಓದುವ ಜಾತಿ. ಇಂಟರ್‌ಮೀಡಿಯಟ್ ಓದುತ್ತಿದ್ದವಳನ್ನು ಅರ್ಧಕ್ಕೆ ಬಿಡಿಸಿ ಅಮ್ಮ ಮದುವೆ ಮಾಡಿದಳು. ಅಪ್ಪ ಇರಲಿಲ್ಲ, ತಮ್ಮ ಚಿಕ್ಕವನು, ಮನೆಯ ಯಜಮಾನಿಕೆಯೆಲ್ಲ ಅವಳದೇ. ಮದುವೆಗೆ ಒಪ್ಪಿದೆ. ಆದರೆ ನನ್ನ ಹದಿನಾಲ್ಕು ಕಾದಂಬರಿಗಳನ್ನು ಟ್ರಂಕಿನ ತಳದಲ್ಲಿ ಸಾಲಾಗಿ ಜೋಡಿಸಿ ಮೇಲೆ ಸೀರೆ ಹೊದಿಸಿದ್ದೆ. "ಸಂಸಾರಕ್ಕೆ ಹೋಗೋಳಿಗೆ ಇದೆಲ್ಲ ಯಾಕೆ?" ಎಂದು ಅಮ್ಮ ಅಂದಾಗ ತಮಾಷೆ ಎಂದುಕೊಂಡೆ. ಅಹಮದಾಬಾದಿಗೆ ಬಂದು ಟ್ರಂಕು ಬಿಚ್ಚಿದರೆ ಸೀರೆಯ ಕೆಳಗೆ ಎರಡು ಹಿತ್ತಾಳೆ ಕೊಳಗ, ಒಂದು ಇಡ್ಲಿ ಪಾತ್ರೆ, ಸೌಟುಗಳು. ಒಂದೇ ಒಂದು ಪುಸ್ತಕವೂ ಇರಲಿಲ್ಲ. ಟ್ರಂಕು ಅಷ್ಟು ಭಾರವಿತ್ತಲ್ಲ, ದಾರಿಯುದ್ದಕ್ಕೂ ಅದು ಪುಸ್ತಕದ ಭಾರವೆಂದು ಖುಷಿಪಟ್ಟುಕೊಂಡು ಬಂದಿದ್ದೆ. ಅವಳಿಗೆ ಒಂದಕ್ಷರ ಬರೆಯುವುದಿಲ್ಲ ಎಂದು ಆವತ್ತೇ ಹಠ ಹಿಡಿದೆ.

ಆ ಮೂರು ತಿಂಗಳು ಹೇಗೆ ಕಳೆದೆನೋ. ಓದಲು ಏನೂ ಇಲ್ಲ. ಅಂಗಡಿಗಳ ಬೋರ್ಡು ನೋಡಿ ಗುಜರಾತಿ ಅಕ್ಷರ ಕಲಿತೆ. ಶಾಲೆಯಲ್ಲಿ ಕಲಿತ ಹಿಂದಿಯ ಅಕ್ಷರಗಳ ತಲೆಗೆರೆ ಅಳಿಸಿದರೆ ಅರ್ಧ ಗುಜರಾತಿ ಬಂದುಬಿಡುತ್ತದೆ. ಬೋರ್ಡು ಓದಿ ಎಷ್ಟೆಂದು ಹೊಟ್ಟೆ ತುಂಬೀತು? ನಮ್ಮವರ ರೇಡಿಯೋವನ್ನು ಸಂಜೆ ತಿರುಗಿಸಿ ತಿರುಗಿಸಿ ಧಾರವಾಡ ಹುಡುಕುತ್ತಿದ್ದೆ. ಒಂದು ಸಲ ಯಾವುದೋ ನಾಟಕ ಸಿಕ್ಕಿತು. ಗೊರಗೊರ ಸದ್ದಿನ ನಡುವೆ ಒಬ್ಬಳು ಹೆಂಗಸು ಕನ್ನಡದಲ್ಲಿ ಅಳುತ್ತಿದ್ದಳು. ಯಾಕೆ ಅಳುತ್ತಿದ್ದಾಳೆಂದು ತಿಳಿಯುವ ಮೊದಲೇ ಸದ್ದು ಅವಳನ್ನು ನುಂಗಿತು. ಅವಳ ಗತಿ ಏನಾಯಿತೆಂದು ನಾನು ಎರಡು ದಿನ ಯೋಚಿಸಿದೆ.

ನಾಲ್ಕನೆಯ ತಿಂಗಳಿನಲ್ಲಿ ಅಂಚೆಯವನು ಒಂದು ಸುರುಳಿ ತಂದುಕೊಟ್ಟ. ಬುಕ್‌ಪೋಸ್ಟಿನಲ್ಲಿ ಬಂದ ಕನ್ನಡ ವಾರಪತ್ರಿಕೆ. ಸುತ್ತಿದ ಕಾಗದದ ಮೇಲೆ ನಮ್ಮವರ ಹೆಸರು, ವಿಳಾಸ. ಅಕ್ಷರ ಅಮ್ಮನದು. ಒಳಗೆ ಬೇರೆ ಕಾಗದವೇನೂ ಇರಲಿಲ್ಲ. ಮುಂದಿನ ವಾರ ಇನ್ನೊಂದು ಬಂತು. ಅದರ ಮುಂದಿನ ವಾರವೂ ಬಂತು. ಅವಳು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಪತ್ರಿಕೆ ಮಾತ್ರ ಗುರುವಾರವೋ ಶುಕ್ರವಾರವೋ ತಪ್ಪದೆ ಬರುತ್ತಿತ್ತು.

ಬಿಚ್ಚಿದ ಕೂಡಲೇ ಓದಿ ಮುಗಿಸುವಂತಿರಲಿಲ್ಲ. ಮುಂದಿನ ವಾರದವರೆಗೆ ಅದೇ ಗತಿ. ಹಾಗಾಗಿ ಪಡಿತರ ಮಾಡಿಕೊಂಡಿದ್ದೆ. ಮೊದಲ ದಿನ ಜಾಹೀರಾತು, ಎರಡನೆಯ ದಿನ ಓದುಗರ ಓಲೆ ಮತ್ತು ಹಾಸ್ಯ, ಮೂರನೆಯ ದಿನ ಸಣ್ಣಕಥೆ. ಧಾರಾವಾಹಿಯನ್ನು ಮುಟ್ಟುತ್ತಿದ್ದುದು ಕೊನೆಗೆ. ಕೂದಲೆಣ್ಣೆಯ ಜಾಹೀರಾತನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಕರ್ನಾಟಕದಲ್ಲೇ ಇರಲಿಕ್ಕಿಲ್ಲ. ನಮ್ಮವರು ನೋಡಿ ನಗುತ್ತಿದ್ದರು. "ಏನೇ, ಅದೇ ಪುಟಾನ ಎಷ್ಟು ಸಲ ಅರೀತೀಯ?" ಅವರು ಒಳ್ಳೆಯವರೇ. ಸೂರತ್ತಿಗೆ ಹೋದರೆ ಘಾರಿ ಎಂಬ ಸಿಹಿ, ಬರೋಡಾಕ್ಕೆ ಹೋದರೆ ಚೂಡಾ ಎಂಬ ಖಾರ ತಪ್ಪದೆ ತರುವವರು. ಪುಸ್ತಕ ಎಂದರೆ ಮಾತ್ರ ಅವರಿಗೆ ರೈಲ್ವೆ ವೇಳಾಪಟ್ಟಿ.

ಧಾರಾವಾಹಿಯ ಪುಟಗಳ ಬಗ್ಗೆ ಒಂದು ಮಾತು ಹೇಳಬೇಕು. ಆ ಪುಟಗಳ ಕೆಳಮೂಲೆಯಲ್ಲಿ ಮಾತ್ರ ಎಣ್ಣೆಯ ಹೆಬ್ಬೆರಳಿನ ಗುರುತು ಇರುತ್ತಿತ್ತು. ಅಮ್ಮ ಅಡುಗೆಯ ನಡುವೆ ಓದುವವಳು; ಒಗ್ಗರಣೆಯ ಕೈಯಲ್ಲೇ ಪುಟ ಮಗುಚುವವಳು. ಅಂದರೆ ಅವಳು ಮೊದಲು ಓದಿ ಆಮೇಲೆ ನನಗೆ ಕಳಿಸುತ್ತಿದ್ದಳು. ಬೇರೆ ಪುಟಗಳನ್ನು ಮುಟ್ಟುತ್ತಲೂ ಇರಲಿಲ್ಲ. ಆ ಗುರುತಿನ ಮೇಲೆ ನನ್ನ ಹೆಬ್ಬೆರಳಿಟ್ಟು ನಾನೂ ಪುಟ ತಿರುವುತ್ತಿದ್ದೆ. ಸಿಟ್ಟಿದ್ದೇ ಇತ್ತು. ಆದರೂ ಹಾಗೆ ಮಾಡುತ್ತಿದ್ದೆ.

ಒಂದು ದಿನ ಒಬ್ಬಳೇ ಕೂತು ಧಾರಾವಾಹಿಯನ್ನು ಗಟ್ಟಿಯಾಗಿ ಓದಿಕೊಂಡೆ. ಮನೆಯಲ್ಲಿ ಕನ್ನಡ ಕೇಳಿಸಲಿ ಎಂದಷ್ಟೇ. ನಾಲ್ಕು ದಿನದಿಂದ ಯಾರೊಡನೆಯೂ ಮಾತಾಡದ ದನಿ ಒಡೆದು ಹೋಗಿತ್ತು. ಓದು ನಿಲ್ಲಿಸಿದಾಗ ಕೆಳಗಿನಿಂದ ಬಾ ಕೇಳಿದರು: "ಯಾರ ಜೊತೆ ಮಾತಾಡ್ತಿದ್ದೀ, ದೀಕ್ರಿ?" ದೀಕ್ರಿ ಎಂದರೆ ಮಗಳು. ಬಾ ಮಾತಾಡಿದ್ದೆಲ್ಲ ಗುಜರಾತಿಯಲ್ಲೇ. ನನ್ನ ನೆನಪಿನಲ್ಲಿ ಮಾತ್ರ ಅದು ಯಾವತ್ತೋ ಕನ್ನಡವಾಗಿಬಿಟ್ಟಿದೆ. ಪತ್ರಿಕೆ ಹಿಡಿದು ಕೆಳಗಿಳಿದೆ.

ಅಲ್ಲಿಂದ ಶುರುವಾಯಿತು. ಬಾ ಅವರದು ತುಂಬಿದ ಮನೆ. ಮಗ, ಸೊಸೆ, ಮೊಮ್ಮಕ್ಕಳು, ಬಂದುಹೋಗುವವರು. ಒಂಟಿ ಎಂಬ ಮಾತು ಅವರಿಗೆ ಗೊತ್ತಿತ್ತೋ ಇಲ್ಲವೋ. ಆದರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವರು ಉಯ್ಯಾಲೆಯಲ್ಲಿ ಒಬ್ಬರೇ ಇರುತ್ತಿದ್ದರು. ಬೇಸಿಗೆಯಾದ್ದರಿಂದ ಅವರೆದುರು ವರ್ಷಕ್ಕಾಗುವ ಗೋಧಿ ರಾಶಿ ಬಿದ್ದಿರುತ್ತಿತ್ತು. ಹುಳ ಹಿಡಿಯದಂತೆ ಅದಕ್ಕೆ ಹರಳೆಣ್ಣೆ ಸವರಿ ಡಬ್ಬಕ್ಕೆ ತುಂಬುವುದು ಅಲ್ಲಿನ ಪದ್ಧತಿ. ಬಾ ಗೋಧಿಗೆ ಎಣ್ಣೆ ಉಜ್ಜುತ್ತಿದ್ದರು, ನಾನು ಓದುತ್ತಿದ್ದೆ. ಮೊದಲು ಒಂದು ಪ್ಯಾರಾ ಕನ್ನಡದಲ್ಲಿ. "ನಿಮ್ಮದರಲ್ಲೇ ಮೊದಲು ಓದು, ಅದು ಹೇಗೆ ನಡೀತದೆ ಅಂತ ಕೇಳ್ತೀನಿ" ಎಂಬುದು ಅವರ ಹಟ. ಆಮೇಲೆ ನನ್ನ ಹಿಂದಿ ಬೆರೆತ ಹರುಕು ಗುಜರಾತಿಯಲ್ಲಿ ಕಥೆ ಹೇಳಬೇಕು. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಸಾಕು, "ಪಛೀ?" ಅನ್ನುತ್ತಿದ್ದರು. ಪಛೀ ಎಂದರೆ ಆಮೇಲೆ. ಚಿತ್ರ ಬಂದರೆ ಪತ್ರಿಕೆ ಕಿತ್ತುಕೊಂಡು ನೋಡುತ್ತಿದ್ದರು. ಹೀಗಾಗಿ ಅಮ್ಮನ ಎಣ್ಣೆಯ ಗುರುತಿನ ಪಕ್ಕದಲ್ಲಿ ಬಾ ಅವರ ಹರಳೆಣ್ಣೆಯ ಗುರುತೂ ಬಿತ್ತು.

ಕಥೆ ದೊಡ್ಡದೇನಲ್ಲ. ಒಬ್ಬ ತಾಯಿ, ಒಬ್ಬ ಮಗಳು. ಮಗಳು ತಾಯಿಯ ಮಾತು ಮೀರಿ ನರ್ಸಾಗಲು ದೂರದ ಊರಿಗೆ ಹೋಗುತ್ತಾಳೆ. ತಾಯಿ ಬಾಗಿಲು ಹಾಕಿಕೊಂಡು, ನೀನು ನನ್ನ ಪಾಲಿಗೆ ಇಲ್ಲ ಅನ್ನುತ್ತಾಳೆ. ಇಬ್ಬರಲ್ಲಿ ಯಾರು ಮೊದಲು ಸೋಲುತ್ತಾರೆ ಎಂಬುದೇ ವಾರವಾರದ ಕುತೂಹಲ. ಬಾ ಪೂರ್ತಿ ತಾಯಿಯ ಕಡೆ. ನಾನು ಯಾರ ಕಡೆ ಎಂದು ಹೇಳಬೇಕಾಗಿಲ್ಲ.

ಹೀಗಿರುವಾಗ ಒಂದು ವಾರ ಪತ್ರಿಕೆ ಬರಲಿಲ್ಲ. ಅಂಚೆಯವನನ್ನು ನಾಲ್ಕು ದಿನ ಓಣಿಯ ಬಾಗಿಲಲ್ಲೇ ತಡೆದು ಕೇಳಿದೆ. ಐದನೆಯ ದಿನ ಅವನು ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗತೊಡಗಿದ. ಹಾದಿಯಲ್ಲಿ ಕಳೆದಿರಬೇಕು ಎಂದರು ನಮ್ಮವರು. ಮಧ್ಯಾಹ್ನ ಬಾ ಉಯ್ಯಾಲೆಯಲ್ಲಿ ಕೂತು ಕಾಯುತ್ತಿದ್ದರು. ಬಂದಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಆ ಎರಡು ಗಂಟೆ ನನ್ನ ಕೈತಪ್ಪುತ್ತದಲ್ಲ, ಅದನ್ನು ಬಿಟ್ಟರೆ ನನಗೆ ಇಡೀ ದಿನದಲ್ಲಿ ಇನ್ನೇನಿತ್ತು? ಹಳೆಯ ಸಂಚಿಕೆಯನ್ನೇ ಬಿಡಿಸಿ ಹಿಡಿದು, ಬಾಯಿಗೆ ಬಂದ ಕನ್ನಡ ಓದಿದೆ. ಆಮೇಲೆ ಕಥೆ ಹೇಳಿದೆ. ಏನು ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ. ಮಾತು ಹೊರಗೆ ಬಂದ ಮೇಲೆಯೇ ತಿಳಿದದ್ದು. ಆ ತಾಯಿಯನ್ನು ಸಾಯಿಸಿಬಿಟ್ಟಿದ್ದೆ.

ಉಯ್ಯಾಲೆ ನಿಂತಿತು. ಬಾ "ಪಛೀ" ಅನ್ನಲಿಲ್ಲ. ಎದ್ದು, ಹಿತ್ತಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಸಾವಿನ ಸುದ್ದಿ ಕೇಳಿದರೆ ಸ್ನಾನ ಮಾಡುವುದು ನಮ್ಮಲ್ಲೂ ಉಂಟು. ಆದರೆ ಯಾರೂ ಕಥೆಯ ಹೆಂಗಸಿಗಾಗಿ ಮಿಂದದ್ದನ್ನು ನಾನು ಕಂಡಿರಲಿಲ್ಲ. ಒದ್ದೆ ಕೂದಲಲ್ಲಿ ಹಿಂದಕ್ಕೆ ಬಂದು, "ಮಗಳಿಗೆ ಹೇಳಿಕಳಿಸಿದರಾ?" ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ಹೌದು, ಹೇಳಿಕಳಿಸಿದರು ಎಂದೆ.

ಮುಂದಿನ ವಾರದ ಸಂಚಿಕೆ ಬಂತು. ಅದರಲ್ಲಿ ತಾಯಿ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದ್ದು, ಪಕ್ಕದ ಮನೆಯವಳ ಹತ್ತಿರ ಜಗಳಕ್ಕೆ ನಿಂತಿದ್ದಳು. ಆಮೇಲಿನ ನನ್ನ ಪಾಡು ಕೇಳಬೇಡಿ. ಪ್ರತಿವಾರ ತಾಯಿ ಆಡಿದ ಮಾತನ್ನೆಲ್ಲ ಚಿಕ್ಕಮ್ಮನೊಬ್ಬಳನ್ನು ಹುಟ್ಟಿಸಿ ಅವಳ ಬಾಯಲ್ಲಿ ಆಡಿಸಿದೆ. ಚಿತ್ರದಲ್ಲಿ ತಾಯಿ ಕಂಡರೆ ಇವಳೇ ಚಿಕ್ಕಮ್ಮ, ಅಕ್ಕನ ಹಾಗೇ ಮುಖ ಎಂದೆ. ಬಾ ತಲೆಯಾಡಿಸುತ್ತಿದ್ದರು.

ಆ ವಾರದಿಂದ ಇನ್ನೊಂದು ಬದಲಾವಣೆಯಾಗಿತ್ತು. ಸುರುಳಿಯ ಮೇಲಿನ ವಿಳಾಸ ತಮ್ಮನ ಕೈಯಕ್ಷರದಲ್ಲಿ ಬರತೊಡಗಿತು. ಪುಟದ ಮೂಲೆಯಲ್ಲಿ ಎಣ್ಣೆಯ ಗುರುತು ಇರಲಿಲ್ಲ. ಸರಿ, ಮಗಳ ವಿಳಾಸ ಬರೆಯುವುದೂ ಅವಳಿಗೆ ಬೇಜಾರಾಯಿತು, ನಾನು ಓದುವುದನ್ನು ಓದುವುದೂ ಬೇಡವಾಯಿತು ಎಂದು ಲೆಕ್ಕ ಹಾಕಿದೆ. ಸಿಟ್ಟು ಇನ್ನಷ್ಟು ಏರಿತು. ದೀಪಾವಳಿಗೆ ತಮ್ಮ ನಮ್ಮವರಿಗೆ ಬರೆದ ಕಾಗದದಲ್ಲಿ, ಅಮ್ಮನಿಗೆ ಅಷ್ಟು ಹುಷಾರಿಲ್ಲ, ಗಾಬರಿಯಾಗುವಂಥದ್ದೇನಿಲ್ಲ ಎಂದಿತ್ತು.

"ಒಂದು ಕಾಗದ ಹಾಕೇ, ನಿನ್ನ ಗಂಟೇನು ಹೋಗತ್ತೆ?" ಎಂದರು ನಮ್ಮವರು.

"ಇದೆಲ್ಲ ಅಮ್ಮನ ಉಪಾಯ ರೀ. ನಾನೇ ಮೊದಲು ಬರೀಲಿ ಅಂತ. ನಾನು ಬರಿಯೋಲ್ಲ."

ಅವರು ಮತ್ತೆ ಹೇಳಲಿಲ್ಲ. ಹೇಳಬೇಕಾಗಿತ್ತು ಎಂದು ಎಷ್ಟೋ ಸಲ ಅವರ ಮೇಲೂ ರೇಗಿದ್ದೇನೆ. ನನ್ನ ತಪ್ಪನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಧಾರಾವಾಹಿ ಮುಗಿಯಿತು. ಅದಕ್ಕೆ ಎಷ್ಟು ಹೆಸರು ಬಂತೆಂದರೆ, ಒಂದು ವರ್ಷ ತುಂಬುವುದರೊಳಗೆ ಸಿನಿಮಾ ಆಯಿತು. ಕನ್ನಡ ಸಿನಿಮಾ ಅಹಮದಾಬಾದಿಗೆ ಬರುವುದೆಂದರೆ ಸಾಮಾನ್ಯದ ಮಾತಲ್ಲ. ಅಲ್ಲಿನ ಕನ್ನಡದವರೆಲ್ಲ ಸೇರಿ ಫಿಲ್ಮಿನ ಡಬ್ಬ ತರಿಸಿ, ಒಂದು ಭಾನುವಾರದ ಬೆಳಗಿನ ಆಟಕ್ಕೆ ಟಾಕೀಸು ಹಿಡಿದಿದ್ದರು. ಮರುದಿನ ಅದೇ ಡಬ್ಬ ಬರೋಡಾಕ್ಕೆ ಹೋಗಬೇಕು. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಗಲ್ಲಾದ ಹಿಂದೆ ಚೀಟಿ ಅಂಟಿಸಿದ್ದರಂತೆ. ನಮ್ಮವರು ಎರಡು ಟಿಕೆಟ್ ತಂದವರು, ಶನಿವಾರ ಸೂರತ್ತಿಗೆ ಹೋಗಬೇಕಾಗಿ ಬಂತು. "ಬಾ ಅವರನ್ನ ಕರ್ಕೊಂಡು ಹೋಗು. ಅವರಿಗೂ ಕಥೆ ಗೊತ್ತಲ್ಲ" ಎಂದು ಕೆಳಗೆ ನಿಂತೇ ಗಟ್ಟಿಯಾಗಿ ಹೇಳಿ, ಕೈಯಾಡಿಸಿ ಅವರಿಗೂ ಅರ್ಥಮಾಡಿಸಿ ಹೊರಟುಹೋದರು. ಬಾ ಆಗಲೇ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆಯುತ್ತಿದ್ದರು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಸತ್ತ ತಾಯಿ ನಾಳೆ ಪರದೆಯ ಮೇಲೆ ಎದ್ದು ಓಡಾಡುತ್ತಾಳೆ. ಸುಳ್ಳು ಹೇಳಿದವಳು ಎಂದು ಗೊತ್ತಾದರೆ ಬಾ ಮತ್ತೆ ನನಗೆ ಉಯ್ಯಾಲೆಯಲ್ಲಿ ಜಾಗ ಬಿಡುತ್ತಾರೆಯೆ? ಈ ಊರಿನಲ್ಲಿ ನನಗಿದ್ದದ್ದು ಅದೊಂದು ಹಲಗೆ. ತಲೆನೋವು ಎಂದು ಮಲಗಿಬಿಡಲೇ ಎಂದುಕೊಂಡೆ. ಆದರೆ ನಾನು ಓದಿದ ಕಥೆ ಪರದೆಯ ಮೇಲೆ ಕಾಣುತ್ತದೆಂದರೆ ಬಿಟ್ಟಿರಲಾರದ ಹುಚ್ಚು ಬೇರೆ. ಬೆಳಿಗ್ಗೆ ಇಬ್ಬರೂ ಹೊರಟೆವು.

ಟಾಕೀಸಿನ ಮುಂದೆ ಕನ್ನಡವೋ ಕನ್ನಡ. ರೇಷ್ಮೆ ಸೀರೆ, ಮಲ್ಲಿಗೆ, ಯಾರದೋ "ಏನ್ ಮಾರಾಯ್ರೆ", ಇನ್ಯಾರದೋ "ಯಾವಾಗ್ ಬಂದ್ರಿ". ನನಗೆ ಅವರಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಅಷ್ಟು ಕನ್ನಡದ ನಡುವೆ, ಕನ್ನಡ ಬಾರದ ಮುದುಕಿಯೊಬ್ಬರ ಕೈಹಿಡಿದುಕೊಂಡು ಒಳಗೆ ಹೋದೆ.

ಮೊದಲರ್ಧ ಬಾ ಖುಷಿಯಿಂದ ನೋಡಿದರು. ಮುಂದೇನಾಗುತ್ತದೆಂದು ನನ್ನ ಕಿವಿಯಲ್ಲಿ ನನಗೇ ಹೇಳುತ್ತಿದ್ದರು. ಎರಡನೆಯ ಅರ್ಧದಲ್ಲಿ ತಾಯಿ ನೀರಿನ ಬಿಂದಿಗೆ ಹಿಡಿದು ಬಾವಿಯ ಹತ್ತಿರ ಬಂದಳು. ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಬಾ ಹಿಡಿದಿದ್ದ ಕೈಯನ್ನು ಬಿಡಲಿಲ್ಲ. ಸಿನಿಮಾದವರು ಮುಕ್ಕಾಲು ಕಥೆ ಬದಲಾಯಿಸಿದ್ದರು, ಇಲ್ಲದ ಹಾಡು ಸೇರಿಸಿದ್ದರು, ಬೇರೆ ದಿನವಾಗಿದ್ದರೆ ನಾನು ಒಂದೊಂದನ್ನೂ ಹಿಡಿದು ಜಾಡಿಸುತ್ತಿದ್ದೆ. ಆವತ್ತು ನೋಡಿದ್ದು ಕಣ್ಣಿಗೆ ಹತ್ತಲಿಲ್ಲ. ಕೊನೆಯ ದೃಶ್ಯದಲ್ಲಿ ಮಗಳು ಬ್ಯಾಗು ಹಿಡಿದು ಹೊಸ್ತಿಲ ಹೊರಗೆ ನಿಂತಿರುತ್ತಾಳೆ. ತಾಯಿ ಒಳಗಿನಿಂದ ಬಂದು ನೋಡುತ್ತಾಳೆ. ಎಷ್ಟೋ ವರ್ಷ ಮಾತಿಲ್ಲದವಳು, ಒಂದೇ ಮಾತು ಆಡುತ್ತಾಳೆ: "ಬಾ."

ಪಕ್ಕದಲ್ಲಿ ಬಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೊರಗೆ ಬಂದು ನಡೆಯತೊಡಗಿದೆವು. ಸ್ವಲ್ಪ ದೂರ ಹೋದ ಮೇಲೆ ಅವರು ಕೇಳಿದ್ದು ನಾನು ಹೆದರಿದ್ದ ಪ್ರಶ್ನೆಯಲ್ಲ. "ಆ ತಾಯಿ ಮಗಳನ್ನ 'ಬಾ' ಅಂದಳಲ್ಲ. ಮಗಳನ್ನ ಯಾಕೆ ಅಮ್ಮಾ ಅಂದಳು?"

"ಅದು ಅಮ್ಮಾ ಅಂತಲ್ಲ, ಬಾ. ನಮ್ಮಲ್ಲಿ 'ಬಾ' ಅಂದ್ರೆ ಒಳಗೆ ಬರೋದು. ಬರೋಕೆ ಹೇಳಿದಳು."

ಬಾ ನಿಂತರು. ನಾನು ಒದ್ದೆ ಕೈಯಲ್ಲಿ ಮೆಟ್ಟಿಲಿಳಿದು ಬಂದ ದಿನ ಅವರಿಗೆ ನೆನಪಾಗಿರಬೇಕು. ನಗು ಶುರುವಾಗಿ, ದೀಪದ ಕಂಬ ಹಿಡಿದುಕೊಂಡು ನಕ್ಕರು. "ಹಾಗಾದ್ರೆ ಪೋಳಿನ ಮಂದಿಯೆಲ್ಲ ದಿನವಿಡೀ ನಿನ್ನನ್ನೇ ಕರೀತಿದ್ರು!" ನಾನೂ ನಕ್ಕೆ. ನಗು ನಿಂತ ಮೇಲೆ ಅವರು ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದರು: "ಅವಳನ್ನ ಯಾಕೆ ಸಾಯಿಸಿದೆ?"

ರಸ್ತೆಯಲ್ಲೇ ನಿಂತು ಎಲ್ಲ ಹೇಳಿದೆ. ಕಳೆದುಹೋದ ಸಂಚಿಕೆ, ಚಿಕ್ಕಮ್ಮ, ಟ್ರಂಕು, ಹಿತ್ತಾಳೆ ಕೊಳಗ, ಎರಡು ವರ್ಷದ ಹಠ. ಅಳು ತಡೆಯಲು ಆಗಲಿಲ್ಲ. ಬಾ ಬೈಯುತ್ತಾರೆಂದುಕೊಂಡೆ. ಅವರು ಬೈಯಲಿಲ್ಲ.

"ನಾನು ತಲೆ ಮೇಲೆ ನೀರು ಹಾಕಿಕೊಂಡೆನಲ್ಲ" ಎಂದರು. "ಆ ಹೆಂಗಸು ಬದುಕಿದ್ದಾಳೆ. ಮತ್ತೆ ನಾನು ಆವತ್ತು ಮಿಂದದ್ದು ಯಾರಿಗಾಗಿ?"

ಅದನ್ನು ಅವರು ಹೆದರಿಸಲು ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಆದರೆ ನನಗೆ ತಮ್ಮನ ಕೈಯಕ್ಷರ, ಗುರುತಿಲ್ಲದ ಪುಟಗಳು, ದೀಪಾವಳಿಯ ಕಾಗದ, ಎಲ್ಲ ಒಟ್ಟಿಗೆ ನೆನಪಾದವು. ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಒಂದು ಕಾರ್ಡು ಬರೆದೆ. ಕ್ಷೇಮವೇ ಎಂದು ಕೇಳಬೇಕೆಂದಿದ್ದೆ. ತಪ್ಪಾಯಿತು ಎಂದು ಬರೆಯಬೇಕೆಂದಿದ್ದೆ. ಕೈಯಿಂದ ಬಂದದ್ದು ಇಷ್ಟೇ: 'ಅಮ್ಮ, ಹೋದ ವರ್ಷ ಧಾರಾವಾಹಿಯ ಒಂದು ಕಂತು ಬರಲಿಲ್ಲ. ಆ ಸಂಚಿಕೆ ಇದ್ದರೆ ಕಳಿಸು.'

ಹನ್ನೆರಡು ದಿನವಾದ ಮೇಲೆ ಸುರುಳಿ ಬಂತು. ವಿಳಾಸ ತಮ್ಮನದೇ. ಒಳಗೆ ಆ ಸಂಚಿಕೆ ಇತ್ತು. ಹಾದಿಯಲ್ಲಿ ಅದು ಕಳೆದೇ ಇರಲಿಲ್ಲ. ಯಾರೂ ಅದನ್ನು ಅಂಚೆಗೆ ಹಾಕಿರಲಿಲ್ಲ. ಮೂಲೆಗಳೆಲ್ಲ ಚೊಕ್ಕಟವಾಗಿದ್ದವು. ಜೊತೆಗೆ ತಮ್ಮನ ಚೀಟಿ: ಆ ವಾರ ಪತ್ರಿಕೆ ಬಂದ ದಿನವೇ ಅಮ್ಮನಿಗೆ ಲಕ್ವ ಹೊಡೆಯಿತು, ಬಲಗೈ ಬಲಗಾಲು ಆಡುವುದಿಲ್ಲ, ಪತ್ರಿಕೆಯನ್ನು ಹಿಡಿದು ಓದಲು ಆಗುವುದಿಲ್ಲ. ನಿನಗೆ ತಿಳಿಸಬಾರದೆಂದು ಆಣೆ ಹಾಕಿಸಿದ್ದಳು, ಆದರೆ ಪತ್ರಿಕೆ ಮಾತ್ರ ಒಂದು ವಾರವೂ ತಪ್ಪಿಸಬೇಡ ಅಂದಿದ್ದಳು.

ಸುರುಳಿಯ ಕಾಗದವನ್ನು ಮಡಚಲು ಹೋದಾಗ ಅದರ ಒಳಬದಿಯಲ್ಲಿ ಪೆನ್ಸಿಲಿನ ಗುರುತು ಕಂಡಿತು. ಎಡಗೈಯಲ್ಲಿ ಗೀಚಿದ್ದು. ಸೊಟ್ಟಂಬಟ್ಟ, ಅಂಗೈಯಗಲದ ಒಂದೇ ಅಕ್ಷರ.

ಅದನ್ನು ಹಿಡಿದು ಕೆಳಗೆ ಓಡಿದೆ. ಬಾ ಕನ್ನಡಕ ಹಾಕಿಕೊಂಡು ನೋಡಿದರು. "ಏನು ಬರೆದಿದ್ದಾಳೆ?"

"ಬಾ ಅಂತ."

 ಬಾ ಎದ್ದು ಒಳಗೆ ಹೋಗಿ, ಪ್ರಯಾಣಕ್ಕೆ ಕೆಡದಿರುವ ಥೇಪ್ಲಾ ಮಾಡಲು ಹಿಟ್ಟು ಕಲೆಸತೊಡಗಿದರು. ನಾನು ಹೋಗುತ್ತೇನೆಂದು ಇನ್ನೂ ಹೇಳಿರಲಿಲ್ಲ.

ಬೊಂಬಾಯಿಯವರೆಗೆ ನಮ್ಮವರು ಬಂದು ಗಾಡಿ ಹತ್ತಿಸಿದರು. ಟ್ರಂಕಿನ ತಳದಲ್ಲಿ ಸೀರೆಯ ಕೆಳಗೆ ಈ ಸಲ ಪತ್ರಿಕೆಗಳಿದ್ದವು. ಬಾರದ ಸಂಚಿಕೆಯಿಂದ ಹಿಡಿದು ಧಾರಾವಾಹಿ ಮುಗಿಯುವವರೆಗಿನ ಕಂತೆ. ಗಾಡಿಯಲ್ಲಿ ಆ ಕಂತು ತೆಗೆದು ಓದಿದೆ. ನಾನು ತಾಯಿಯನ್ನು ಸಾಯಿಸಿದ ಆ ಅಧ್ಯಾಯದಲ್ಲಿ ಏನೂ ನಡೆದಿರಲಿಲ್ಲ. ಬರೆದವರಿಗೆ ಆ ವಾರ ಕಥೆ ಹೊಳೆಯಲಿಲ್ಲವೆಂದು ಕಾಣುತ್ತದೆ. ತಾಯಿ ಪಕ್ಕದ ಮನೆಯವರ ಜೊತೆ ಮಹಡಿಯ ಮೇಲೆ ಕೂತು ಹಪ್ಪಳ ಒತ್ತುತ್ತಾಳೆ, ಒಂದು ಕಾಗೆ ಬಂದು ಹಪ್ಪಳ ಕಚ್ಚಿಕೊಂಡು ಹೋಗುತ್ತದೆ, ಅಷ್ಟೇ. ಗಾಡಿಯಲ್ಲಿ ನಾನು ಅತ್ತದ್ದು ನೋಡಿ ಎದುರಿಗೆ ಕೂತವರು, ನಮ್ಮ ಮನೆಯಲ್ಲಿ ಯಾರೋ ತೀರಿಹೋಗಿರಬೇಕೆಂದು ತಿಳಿದು ನೀರು ಕೊಟ್ಟರು.

ಅಮ್ಮ ನಡುಮನೆಯಲ್ಲಿ ಮಂಚದ ಮೇಲಿದ್ದ ದಿಂಬಿಗೆ ಒರಗಿದ್ದಳು. ಅರ್ಧಕ್ಕರ್ಧ ಆಗಿದ್ದಳು. ಎದುರಿನ ಗೂಡಿನಲ್ಲಿ ನನ್ನ ಹದಿನಾಲ್ಕು ಕಾದಂಬರಿಗಳು ಸಾಲಾಗಿದ್ದವು, ಧೂಳು ಒರೆಸಿಟ್ಟಿದ್ದರು. ನಾನು ಸಿನಿಮಾದ ಮಗಳ ಹಾಗೆ ಹೊಸ್ತಿಲಲ್ಲಿ ನಿಂತಿದ್ದೆ. ಅವಳು ಸಿನಿಮಾದ ತಾಯಿಯ ಹಾಗೆ ಏನೂ ಅನ್ನಲಿಲ್ಲ. "ಗಾಡಿ ತಡವಾಯ್ತಾ? ಕೈಕಾಲು ತೊಳ್ಕೊ" ಎಂದಳು. ನಾಲಿಗೆ ಸ್ವಲ್ಪ ತೊದಲುತ್ತಿತ್ತು.

ಮಧ್ಯಾಹ್ನ ಕಂತೆ ಬಿಚ್ಚಿದೆ. ಅಮ್ಮ ಎಡಗೈಯಲ್ಲಿ ಒಂದು ಸಂಚಿಕೆ ಎಳೆದುಕೊಂಡು ಪುಟದ ಮೂಲೆ ನೋಡಿದಳು. ಅಲ್ಲಿದ್ದದ್ದು ಅವಳ ಗುರುತಲ್ಲ.

"ಇದ್ಯಾರ ಎಣ್ಣೆ ಕೈ?"

"ಬಾ."

"ಎಲ್ಲಿಗೆ?"

ನನಗೆ ನಗು ಬಂತು, ಅಳುವೂ ಬಂತು. ಆಮೇಲೆ ಹೇಳುತ್ತೇನೆ ಎಂದೆ. ಬಾರದ ಸಂಚಿಕೆ ತೆಗೆದು ಮಂಚದ ಅಂಚಿನಲ್ಲಿ ಕೂತು ಹಪ್ಪಳದ ಅಧ್ಯಾಯ ಗಟ್ಟಿಯಾಗಿ ಓದಿದೆ. ಎರಡು ವರ್ಷ ಯಾರಿಗಾಗಿಯೋ ಓದಿ ದನಿ ಪಳಗಿತ್ತು. ತಾಯಿ ಹಿಟ್ಟು ಕುಟ್ಟಿದಳು, ಒತ್ತಿದಳು, ಒಣಹಾಕಿದಳು, ಕಾಗೆ ಬಂತು, ಹೋಯಿತು. 'ಮುಂದುವರಿಯುವುದು' ಎಂಬಲ್ಲಿಗೆ ಬಂದು ತಲೆಯೆತ್ತಿದೆ. ಅಮ್ಮ ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿರಬೇಕೆಂದು ಸದ್ದಾಗದಂತೆ ಪತ್ರಿಕೆ ಮಡಚಿದೆ.

"ಆಮೇಲೆ?" ಎಂದಳು ಅಮ್ಮ.